ಐದು ನಿಮಿಷ ಅಂದರೆ ಎಷ್ಟು ನಿಮಿಷ?

ಗುರುಪೂರ್ಣಿಮೆ ಬಂತೆಂದರೆ ನಮ್ಮ ಕೈವಾರದಲ್ಲಿ ಸಂಗೀತೋತ್ಸವ. ಯೋಗಿ ನಾರೇಯಣ ಮಠದ ಸುತ್ತಮುತ್ತ ಊರೂರಿನ ಕಾರುಗಳು ಸಾಲುಗಟ್ಟುತ್ತವೆ. ಈಚೆಗೆ ಕೆಲವು ಕಾರುಗಳಲ್ಲಿ ಮನೆಯ ನಾಯಿಯೂ ಬರುತ್ತದೆ. ಬರಲಿ, ಅದೂ ಮನೆಯವರಲ್ಲೊಬ್ಬ. ಆದರೆ ‘ಐದೇ ನಿಮಿಷ, ದರ್ಶನ ಮಾಡಿ ಬಂದುಬಿಡೋಣ’ ಎಂದು ಅದನ್ನು ಒಳಗೇ ಬಿಟ್ಟು, ಗಾಜು ಏರಿಸಿ ಹೋಗುವವರನ್ನು ಕಂಡರೆ ನನಗೆ ಕಳವಳ. ಬ್ಯಾಂಕಿನ ಕೌಂಟರಿನಲ್ಲಿ ಕೂತು ಕೂದಲು ನರೆತವನು ನಾನು. ಐದು ನಿಮಿಷದ ಕೆಲಸ ಐದೇ ನಿಮಿಷಕ್ಕೆ ಮುಗಿದದ್ದು ಅಪರೂಪ.

ಮಕ್ಕಳೇ, ಒಂದು ಲೆಕ್ಕ ಮಾಡೋಣ. ಬಿಸಿಲಲ್ಲಿ ನಿಂತ ಕಾರಿನ ಒಳಗಿನ ಸೆಕೆಯನ್ನು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಅಳೆದು 2005ರಲ್ಲಿ ಪ್ರಕಟಿಸಿದರು. ಒಂದು ಗಂಟೆಯಲ್ಲಿ ಸರಾಸರಿ 22 ಡಿಗ್ರಿ ಸೆಲ್ಸಿಯಸ್ ಏರಿಕೆ! ಅದರಲ್ಲಿ ಶೇ 80ರಷ್ಟು ಮೊದಲ ಅರ್ಧ ಗಂಟೆಯಲ್ಲೇ. ಹೊರಗೆ ಹಿತವಾದ 28 ಡಿಗ್ರಿ ಇದ್ದರೂ ಅರ್ಧ ಗಂಟೆಗೆ ಒಳಗೆ ಸುಮಾರು 45. ಗಾಜನ್ನು ಒಂದು ಬೆರಳಿನಷ್ಟು ಇಳಿಸಿಟ್ಟರೂ ಹೆಚ್ಚು ವ್ಯತ್ಯಾಸವಾಗಲಿಲ್ಲ.

ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ. ನಾಲಗೆ ಚಾಚಿ ಏದುಸಿರು ಬಿಟ್ಟೇ ಅದು ಮೈ ತಣಿಸಿಕೊಳ್ಳಬೇಕು. ಒಳಗೆಳೆದುಕೊಳ್ಳುವ ಗಾಳಿಯೇ ಕಾದಿದ್ದರೆ ಏನು ಮಾಡೀತು? ಅದರ ಮೈ ಬಿಸಿ ಸಾಮಾನ್ಯವಾಗಿ 38ರಿಂದ 39 ಡಿಗ್ರಿ. 41 ದಾಟಿದರೆ ಪ್ರಾಣಕ್ಕೇ ಸಂಚಕಾರ. ಅಂಥ ಹೊತ್ತಿನಲ್ಲಿ ನೆರಳಿಗೆ ತಂದು, ಮೈ ಮೇಲೆ ತಣ್ಣೀರು ಸುರಿದು, ಗಾಳಿ ಬೀಸುತ್ತಾ ಪಶುವೈದ್ಯರ ಬಳಿಗೆ ಓಡಬೇಕು.

ಕಾರು ಓಡುವಾಗಲೂ ಒಂದು ಲೆಕ್ಕವಿದೆ. ಗಂಟೆಗೆ 50 ಕಿಲೋಮೀಟರ್ ವೇಗದ ಕಾರು ಏನಕ್ಕಾದರೂ ಗುದ್ದಿ ನಿಂತರೆ, ಒಳಗೆ ಸಡಿಲವಾಗಿ ಕೂತ ನಾಯಿ ಅದೇ ವೇಗದಲ್ಲಿ ಮುಂದಕ್ಕೆ ಚಿಮ್ಮುತ್ತದೆ. ಅದು 10 ಮೀಟರ್ ಎತ್ತರದಿಂದ, ಅಂದರೆ ಮೂರು ಅಂತಸ್ತಿನ ಮನೆಯ ತಾರಸಿಯಿಂದ ಬಿದ್ದ ಪೆಟ್ಟಿಗೆ ಸಮ. ಎದುರಿಗೆ ಕೂತವರಿಗೂ ಅಪಾಯ. ಆದ್ದರಿಂದ ಅದರ ಜಾಗ ತೊಡೆಯಲ್ಲ, ಮುಂದಿನ ಸೀಟೂ ಅಲ್ಲ. ಹಿಂದಿನ ಸೀಟಿನಲ್ಲಿ ಕೂರಿಸಿ, ಎದೆಗೆ ತೊಡಿಸುವ ಪಟ್ಟಿಯನ್ನು ಸೀಟ್ ಬೆಲ್ಟಿಗೆ ಸಿಕ್ಕಿಸಬೇಕು. ಕುತ್ತಿಗೆಯ ಪಟ್ಟಿಗೆ ಬೇಡ, ಜಗ್ಗಿದರೆ ಕತ್ತಿಗೇ ಪೆಟ್ಟು. ಚಿಕ್ಕ ನಾಯಿಯಾದರೆ ಗಾಳಿಯಾಡುವ, ಅಲುಗಾಡದಂತೆ ಬಿಗಿದ ಪೆಟ್ಟಿಗೆ ಆದೀತು. ಕಿಟಕಿಯಿಂದ ತಲೆ ಹೊರಗೆ ಹಾಕುವುದು ಅದಕ್ಕೆ ಖುಷಿಯೇ, ಆದರೆ ಕಣ್ಣಿಗೆ ಕಲ್ಲು, ಧೂಳು ಬಡಿಯುತ್ತದೆ.

ಹೊರಡುವ ಮೂರು ಗಂಟೆ ಮೊದಲೇ ಊಟ ಮುಗಿಯಲಿ, ವಾಂತಿ ಕಡಿಮೆ. ನೀರಿನ ಬಟ್ಟಲು ಜೊತೆಗಿರಲಿ. ಎರಡು ಗಂಟೆಗೊಮ್ಮೆ ನಿಲ್ಲಿಸಿ. ಬಾಗಿಲು ತೆರೆಯುವ ಮೊದಲೇ ಹಗ್ಗ ಕೈಯಲ್ಲಿರಲಿ, ಗಾಬರಿಯಾದ ನಾಯಿ ರಸ್ತೆಗೆ ಹಾರೀತು.

ದೊಡ್ಡವರಿಗೆ ನೂರೆಂಟು ತಾಪತ್ರಯ, ಮರೆಯುತ್ತಾರೆ. ನಾಯಿಗೆ ಬಾಗಿಲು ತೆಗೆಯಲು ಬರುವುದಿಲ್ಲ, ‘ಸೆಕೆ’ ಎನ್ನಲೂ ಬರುವುದಿಲ್ಲ. ಆ ಮಾತನ್ನು ನೀವೇ ಆಡಬೇಕು. ‘ಐದೇ ನಿಮಿಷ’ ಎಂದು ಅಪ್ಪ ಕೀಲಿಗೆ ಕೈ ಹಾಕಿದಾಗ, ‘ಸರದಿಯ ಮೇಲೆ ದರ್ಶನಕ್ಕೆ ಹೋಗೋಣ, ಒಬ್ಬರು ಮರದ ನೆರಳಲ್ಲಿ ಇದರ ಜೊತೆ ನಿಲ್ಲೋಣ’ ಎನ್ನಿ.