ಎರಡು ಕ್ಲಿಕ್ಕಿಗೆ ಕನ್ನಡ ಸಾಯಬೇಕೇ?

ಇಂಡಿ ಎಂಬ ಹೆಸರನ್ನು ಇಂಗ್ಲಿಷಿನಲ್ಲಿ ಬರೆಯಿರಿ. ಆ ಊರನ್ನೇ ಕೇಳದ ಹುಡುಗನ ಕೈಗೆ ಕೊಟ್ಟು ಮತ್ತೆ ಕನ್ನಡದಲ್ಲಿ ಬರೆ ಎನ್ನಿರಿ. 'ಇಂದಿ' ಎಂದು ಬರೆದರೂ ಬರೆದಾನು. ಸಿಂದಗಿ 'ಸಿಂಡಗಿ' ಆಗಬಹುದು. ಮುದ್ದೇಬಿಹಾಳ 'ಮುಡ್ಡೆಬಿಹಾಲ'. ಬಸವಣ್ಣನ ಬಾಗೇವಾಡಿ 'ಬಾಗೆವಾದಿ'! ಹುಡುಗನದು ತಪ್ಪಲ್ಲ. ಡ ಬೇರೆ, ದ ಬೇರೆ ಎಂಬುದು ಇಂಗ್ಲಿಷ್ ಅಕ್ಷರಕ್ಕೆ ಗೊತ್ತಿಲ್ಲ. ಳ ಆ ಮನೆಯಲ್ಲಿ ಹುಟ್ಟೇ ಇಲ್ಲ.

ಊರಿನ ಹೆಸರಾದರೆ ಯಾರಾದರೂ ತಿದ್ದುತ್ತಾರೆ. ಮಂದಿಯ ಹೆಸರನ್ನು ಯಾರು ತಿದ್ದಬೇಕು? ಕಾಳವ್ವ 'ಕಾಲವ್ವ' ಆಗುತ್ತಾಳೆ. ಮಾಳಪ್ಪ 'ಮಾಲಪ್ಪ' ಆಗುತ್ತಾನೆ. ಪ್ರಶಸ್ತಿ ಪತ್ರ, ಶಾಲೆಯ ಗುರುತಿನ ಚೀಟಿ, ಸಂಘದ ಸದಸ್ಯರ ಪಟ್ಟಿ, ಎಲ್ಲ ಕಡೆ ಅದೇ ಹೆಸರು ಅಚ್ಚಾಗುತ್ತದೆ. ಮುದ್ರಣಾಲಯ ನಡೆಸುವ ನನ್ನಂಥವರಿಗೆ ಇದು ದಿನನಿತ್ಯದ ಗೋಳು. "ಪಟ್ಟಿ ಕನ್ನಡದಾಗ ಕೊಡ್ರೀ ಸರ" ಎಂದರೆ ಬರುವ ಉತ್ತರ ಒಂದೇ: "ಕಂಪ್ಯೂಟರಿನ್ಯಾಗ ಕನ್ನಡ ಬರಂಗಿಲ್ರಿ, ಎಲ್ಲಾ ಕೆಡ್ತದ್ರಿ. ಇಂಗ್ಲಿಷಿನ್ಯಾಗ ತಗೋರಿ."

ಸುಳ್ಳು! ಅಪ್ಪಟ ಸುಳ್ಳು! ಈ ಸುಳ್ಳು ಎಲ್ಲಿ ಹುಟ್ಟುತ್ತದೆ ಎಂಬುದನ್ನು ಬೆಂಗಳೂರು, ಹುಬ್ಬಳ್ಳಿ, ಮೈಸೂರಿನ ನನ್ನ ತಮ್ಮಂದಿರೂ ತಂಗಿಯರೂ ಕೇಳಬೇಕು.

ಇವತ್ತು ಶಾಲೆಯಿರಲಿ, ಸಂಘವಿರಲಿ, ಹೆಸರುಗಳನ್ನು ಮೊಬೈಲಿನಲ್ಲೇ ಗೂಗಲ್ ಫಾರ್ಮಿನ ಮೂಲಕ ಕೂಡಿಸುತ್ತಾರೆ. ಮಂದಿ ಚೊಕ್ಕ ಕನ್ನಡದಲ್ಲಿ ತುಂಬುತ್ತಾರೆ. ಆ ಪಟ್ಟಿ ಸಿಎಸ್‌ವಿ ಎಂಬ ಕಡತವಾಗಿ ಇಳಿಯುತ್ತದೆ. ಅದು ಬರೀ ಅಕ್ಷರ ಮತ್ತು ಅಲ್ಪವಿರಾಮಗಳ ಕಡತ. ಕನ್ನಡ ಅದರಲ್ಲಿ ಯುಟಿಎಫ್-8 ಎಂಬ ಸಂಕೇತದಲ್ಲಿ ಭದ್ರವಾಗಿ ಕೂತಿರುತ್ತದೆ. ಅಲ್ಲಿಯವರೆಗೆ ಯಾವ ಕೇಡೂ ಇಲ್ಲ.

ಕೇಡು ಬರುವುದು ಎರಡು ಕ್ಲಿಕ್ ಒತ್ತಿದಾಗ. ಆಫೀಸ್ ಹಾಕಿದ ಗಣಕದಲ್ಲಿ ಸಿಎಸ್‌ವಿ ಕಡತ ತೆರೆಯುವ ಹಕ್ಕು ತಾನಾಗಿಯೇ ಎಕ್ಸೆಲ್‌ಗೆ ಹೋಗಿರುತ್ತದೆ. ಇದಕ್ಕೇ 'ಡಿಫಾಲ್ಟ್' ಎನ್ನುತ್ತಾರೆ. ಅಂದರೆ ನಿಮ್ಮನ್ನು ಕೇಳದೆ ನಿಮ್ಮ ಪರವಾಗಿ ಬೇರೆಯವರು ಮಾಡಿದ ತೀರ್ಮಾನ! ಕಡತದ ತಲೆಯಲ್ಲಿ ಯುಟಿಎಫ್-8 ಎಂದು ಸಾರುವ ಮೂರು ಬೈಟಿನ ಗುರುತು ಇಲ್ಲದಿದ್ದರೆ, ಎಕ್ಸೆಲ್ ಅದನ್ನು ಹಳೆಯ ಇಂಗ್ಲಿಷ್ ಸಂಕೇತ ಎಂದೇ ಓದುತ್ತದೆ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಅಕ್ಷರಕ್ಕೆ, ಒಂದೊಂದು ಕಾಗುಣಿತದ ಗುರುತಿಗೆ ಮೂರು ಬೈಟು. ಆ ಮೂರನ್ನೂ ಮೂರು ಬೇರೆ ಅಕ್ಷರ ಎಂದು ಓದಿದರೆ ಕಾಣುವುದೇನು? ತಲೆಯ ಮೇಲೆ ಗೀಟು ಹೊತ್ತ ಇಂಗ್ಲಿಷ್ 'ಎ', ಅದರ ಪಕ್ಕ ಪುಟ್ಟ ಎರಡು ಇಲ್ಲವೇ ಪುಟ್ಟ ಮೂರು, ಆಮೇಲೊಂದು ಗೊತ್ತುಗುರಿಯಿಲ್ಲದ ಗುರುತು. ಪುಟದ ತುಂಬ ಇದೇ ಕಸ!

ಅದನ್ನು ಕಂಡ ಗುಮಾಸ್ತ ಏನು ಮಾಡುತ್ತಾನೆ? ಕನ್ನಡ ಕೆಟ್ಟಿದೆ ಎನ್ನುತ್ತಾನೆ. ಕೆಟ್ಟದ್ದು ಕನ್ನಡವಲ್ಲ, ಓದಿದ ಕಣ್ಣು!

ಇನ್ನೊಂದು ಅನ್ಯಾಯ ನೋಡಿರಿ. ಎಕ್ಸೆಲ್‌ನಲ್ಲಿ ಕನ್ನಡ ಹೆಸರು ಬೆರಳಚ್ಚು ಮಾಡಿ ಸಾದಾ ಸಿಎಸ್‌ವಿ ಎಂದು ಉಳಿಸಿದರೆ ಅಕ್ಷರವೆಲ್ಲ ಪ್ರಶ್ನೆ ಚಿಹ್ನೆಗಳಾಗುತ್ತವೆ. ಅದನ್ನು ಮರಳಿ ತರುವ ದಾರಿಯೇ ಇಲ್ಲ. 'ಸಿಎಸ್‌ವಿ ಯುಟಿಎಫ್-8' ಎಂಬ ಬೇರೆ ಸಾಲನ್ನು ಹುಡುಕಿ ಆರಿಸಬೇಕು. ನೋಟ್‌ಪ್ಯಾಡ್‌ನಲ್ಲೂ ಇದೇ ಕಥೆ ಇತ್ತು. 2019ರಲ್ಲಿ ಬಂದ ವಿಂಡೋಸ್ ಆವೃತ್ತಿಯಲ್ಲಿ ಅದು ಯುಟಿಎಫ್-8ನ್ನು ತಾನಾಗಿಯೇ ಬಳಸತೊಡಗಿತು. ಯೂನಿಕೋಡಿನ ಮೊದಲ ಆವೃತ್ತಿ 1991ರಲ್ಲಿ ಹೊರಬಂದಾಗಲೇ ಕನ್ನಡ ಅದರಲ್ಲಿತ್ತು. ಇಪ್ಪತ್ತೆಂಟು ವರ್ಷ ನಮ್ಮ ಲಿಪಿ ಸ್ವಂತ ಮನೆಯ ಹೊಸ್ತಿಲ ಹೊರಗೆ ನಿಲ್ಲಬೇಕಾಯಿತೇ?

"ನುಡಿ, ಬರಹದ ಹಳೆಯ ಫಾಂಟಿನಲ್ಲಿ ಹೊಡೆದರಾಯಿತಲ್ಲ" ಎನ್ನುವವರಿದ್ದಾರೆ. ಆಗುವುದಿಲ್ಲ. ಆ ಹಳೆಯ ಫಾಂಟುಗಳಲ್ಲಿ ಒಳಗಿರುವುದು ಇಂಗ್ಲಿಷ್ ಸಂಕೇತ, ಮೇಲೆ ಕನ್ನಡದ ವೇಷ. ಸಿಎಸ್‌ವಿ ಕಡತ ಫಾಂಟನ್ನು ಹೊತ್ತೊಯ್ಯುವುದೇ ಇಲ್ಲ. ವೇಷ ಕಳಚಿ ಬೀಳುತ್ತದೆ. ಪಟ್ಟಿಗೆ ಯೂನಿಕೋಡೇ ಬೇಕು.

ಹಾಗಾದರೆ ಮದ್ದೇನು? ಮದ್ದು ನಿಮ್ಮ ಬೆರಳ ತುದಿಯಲ್ಲಿದೆ. ಲಿಬ್ರೆಆಫೀಸ್ ಎಂಬ ತಂತ್ರಾಂಶ ಪುಕ್ಕಟೆ ಸಿಗುತ್ತದೆ, ಹಾಕಿಕೊಳ್ಳಿರಿ. ಸಿಎಸ್‌ವಿ ಕಡತದ ಮೇಲೆ ಮೌಸಿನ ಬಲಗುಂಡಿ ಒತ್ತಿರಿ. 'ಓಪನ್ ವಿತ್', ಅದರೊಳಗೆ 'ಚೂಸ್ ಅನದರ್ ಆ್ಯಪ್', ಅಲ್ಲಿ ಲಿಬ್ರೆಆಫೀಸ್ ಕ್ಯಾಲ್ಕ್. ಒಂದೇ ಸಲಕ್ಕೆ ಎನ್ನಬೇಡಿರಿ, 'ಆಲ್ವೇಸ್' ಎನ್ನಿರಿ. ಅಲ್ಲಿಗೆ ಡಿಫಾಲ್ಟ್ ಬದಲಾಯಿತು. ಇನ್ನು ಮೇಲೆ ಎರಡು ಕ್ಲಿಕ್ ಒತ್ತಿದರೆ ಕ್ಯಾಲ್ಕ್ ಕಡತವನ್ನು ತೆರೆಯುವ ಮೊದಲು ಯಾವ ಅಕ್ಷರಸಂಕೇತ ಎಂದು ತೋರಿಸಿ ನಿಮ್ಮ ಒಪ್ಪಿಗೆ ಕೇಳುತ್ತದೆ. ಯುಟಿಎಫ್-8 ಆರಿಸಿರಿ. ಕೆಳಗಿನ ಚೌಕದಲ್ಲಿ ಕಾಳವ್ವ ಕಾಳವ್ವಳಾಗಿಯೇ ಕಂಡರೆ ಓಕೆ ಒತ್ತಿರಿ. ಎಕ್ಸೆಲ್ಲೇ ಬೇಕು ಎನ್ನುವವರು ಎರಡು ಕ್ಲಿಕ್ ಬಿಟ್ಟು, 'ಡೇಟಾ' ಪಟ್ಟಿಯಲ್ಲಿ 'ಫ್ರಮ್ ಟೆಕ್ಸ್ಟ್' ಮೂಲಕ ಕಡತ ತರಿಸಿ, 'ಫೈಲ್ ಆರಿಜಿನ್' ಎಂಬಲ್ಲಿ 65001 ಆರಿಸಲಿ. ಮೊದಲಿನಂತೆ ಆಗಬೇಕೆಂದರೆ ಸೆಟ್ಟಿಂಗ್ಸ್‌ನ 'ಡಿಫಾಲ್ಟ್ ಆ್ಯಪ್ಸ್'ಗೆ ಹೋಗಿ ಹಿಂದಿರುಗಬಹುದು. ಏನೂ ಒಡೆಯುವುದಿಲ್ಲ, ಹೆದರಬೇಡಿರಿ.

ಆದರೆ ಬಡಪಾಯಿ ಗುಮಾಸ್ತ ಇದನ್ನೆಲ್ಲ ಯಾಕೆ ಕಲಿಯಬೇಕು? ಕಂಪನಿಗೆ ಕೇಳುವ ಪ್ರಶ್ನೆ ಇದು. ದುಡ್ಡು ಎಣಿಸಿ ಕೊಂಡ ತಂತ್ರಾಂಶ ಕನ್ನಡವನ್ನು ಮೊದಲ ನೋಟಕ್ಕೇ ಗುರುತಿಸಬೇಕು. ಸರ್ಕಾರಕ್ಕೂ ಕೇಳುತ್ತೇವೆ. ರಾಜ್ಯಭಾಷಾ ಅಧಿನಿಯಮ ಬಂದದ್ದು 1963ರಲ್ಲಿ. ಕಚೇರಿಗೆ, ಶಾಲೆಗೆ ಗಣಕ ಕೊಳ್ಳುವಾಗ "ಸಿಎಸ್‌ವಿ ಕಡತ ಎರಡು ಕ್ಲಿಕ್ಕಿಗೆ ಶುದ್ಧ ಕನ್ನಡದಲ್ಲಿ ತೆರೆಯಬೇಕು" ಎಂಬ ಒಂದೇ ಒಂದು ಷರತ್ತು ಬರೆಯಲು ಶಾಯಿ ಇಲ್ಲವೇ?

ಅವರು ಬರೆಯುವವರೆಗೆ ನಾವು ಕಾಯಬೇಕಾಗಿಲ್ಲ. ಪಟ್ಟಣದಲ್ಲಿ ಗಣಕದ ಮುಂದೆ ದುಡಿಯುವ ಗೆಳೆಯರೇ, ಹಬ್ಬಕ್ಕೆ ಊರಿಗೆ ಬರುತ್ತೀರಲ್ಲ! ನೀವು ಕಲಿತ ಶಾಲೆಗೆ, ಬಸ್ ನಿಲ್ದಾಣದ ಪಕ್ಕದ ಝೆರಾಕ್ಸ್ ಅಂಗಡಿಗೆ, ಪರಿಚಯದ ಮುದ್ರಣಾಲಯಕ್ಕೆ ಹೋಗಿರಿ. ಒಂದು ಗಣಕಕ್ಕೆ ಹತ್ತು ನಿಮಿಷ. ಮಾಲೀಕರ ಒಪ್ಪಿಗೆ ಪಡೆದು ಡಿಫಾಲ್ಟ್ ಬದಲಿಸಿರಿ. ಕನ್ನಡದ ಪಟ್ಟಿಯೊಂದನ್ನು ಅವರ ಕೈಯಿಂದಲೇ ತೆರೆಸಿ ತೋರಿಸಿರಿ. "ಕನ್ನಡ ಬರಂಗಿಲ್ಲ" ಎಂಬ ಮಾತು ಆ ಅಂಗಡಿಯಲ್ಲಿ ಅಂದೇ ಸಾಯಬೇಕು.

ಇದು ಫ. ಗು. ಹಳಕಟ್ಟಿಯವರು ದುಡಿದ ಜಿಲ್ಲೆ. ತಾಳೆಗರಿಯಲ್ಲಿದ್ದ ವಚನಗಳನ್ನು ಹುಡುಕಿ ತೆಗೆದು 1923ರಲ್ಲಿ 'ವಚನಶಾಸ್ತ್ರಸಾರ' ಹೊರತಂದವರು ಅವರು. ಮುದ್ರಣಾಲಯಕ್ಕಾಗಿ ಇದ್ದ ಮನೆಯನ್ನೇ ಮಾರಿದರು. ನಮ್ಮನ್ನು ಯಾರೂ ಮನೆ ಮಾರಲು ಕೇಳುತ್ತಿಲ್ಲ. ಬಲಗುಂಡಿ ಒತ್ತಲು ಕೇಳುತ್ತಿದ್ದಾರೆ. ಅಷ್ಟೂ ಆಗದಿದ್ದರೆ ನವೆಂಬರ್ ಒಂದರಂದು ಬಾವುಟ ಹಿಡಿಯುವ ಕೈ ಯಾತಕ್ಕೆ?

ಸಿರಿಗನ್ನಡಂ ಗೆಲ್ಗೆ!