ಹಬ್ಬದ ದಾನವೂ ತರುಣರ ಕರ್ತವ್ಯವೂ

ದೀಪಾವಳಿಯು ಸಮೀಪಿಸಿತೆಂದರೆ ನಂಜನಗೂಡಿನ ಪೇಟೆಬೀದಿಗಳಲ್ಲಿಯೂ ತಿರುಮಕೂಡಲು ನರಸೀಪುರದ ಅಂಗಡಿಸಾಲುಗಳಲ್ಲಿಯೂ ಕಾಲಿಡಲು ಸ್ಥಳ ದೊರೆಯುವುದು ದುರ್ಲಭ. ಸುತ್ತಣ ಹಳ್ಳಿಗಳಿಂದ ಬಸ್ಸಿನಲ್ಲಿಯೂ ಆಟೋದಲ್ಲಿಯೂ ಬಂದಿಳಿದ ಜನರು ಜವಳಿ ಅಂಗಡಿಯಿಂದ ಮಿಠಾಯಿ ಅಂಗಡಿಗೆ, ಅಲ್ಲಿಂದ ಪಟಾಕಿಯ ಮಳಿಗೆಗೆ ಹೊಳೆಯಂತೆ ಹರಿಯುತ್ತಾರೆ. ಅದೇ ಹೊತ್ತಿನಲ್ಲಿ, ಅದೇ ಅಂಗಡಿಯ ಮೆಟ್ಟಿಲ ಕೆಳಗೆ, ಮಗುವಿನ ಅಂಗಿಯ ಬೆಲೆಯನ್ನು ವಿಚಾರಿಸಿ, ಸೆರಗಿನ ಗಂಟನ್ನು ಬಿಚ್ಚಿ ಎಣಿಸಿ, ಮರಳಿ ಗಂಟು ಹಾಕಿಕೊಂಡು ಹಿಂದಿರುಗುವ ತಾಯಂದಿರನ್ನೂ ನಾವು ಕಂಡಿದ್ದೇವೆ. ಒಂದೇ ಹೊಸ್ತಿಲಿನ ಒಳಗೂ ಹೊರಗೂ ಇರುವ ಈ ಎರಡು ಲೋಕಗಳಿಗೆ ಸಂಬಂಧವೇ ಬೇಡವೆ? ಹಬ್ಬದ ದಿನಗಳಲ್ಲಿ ನಮ್ಮ ತರುಣರು ಅಂಗಡಿಗಳ ಮುಂದೆ ಮೊಹರು ಮಾಡಿದ ಡಬ್ಬಿಯನ್ನು ಹಿಡಿದು ನಿಂತು, ದೀನರಿಗಾಗಿ ಯಾಚಿಸುವ ಸೇವೆಯನ್ನು ಕೈಕೊಳ್ಳಬೇಕೆಂಬುದೇ ನಮ್ಮ ಇಂದಿನ ಸೂಚನೆ.

ಅನ್ಯದೇಶಗಳಲ್ಲಿ ಈ ಪದ್ಧತಿಯು ಬಹುಕಾಲದಿಂದ ರೂಢಿಯಲ್ಲಿದೆ. 1891ರಲ್ಲಿ ಅಮೆರಿಕೆಯ ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ ಸಾಲ್ವೇಷನ್ ಆರ್ಮಿ ಎಂಬ ಕ್ರೈಸ್ತ ಸೇವಾಸಂಸ್ಥೆಯ ಜೋಸೆಫ್ ಮೆಕ್‌ಫೀ ಎಂಬವರು, ಕ್ರಿಸ್‌ಮಸ್ ದಿನ ಬಡವರಿಗೆ ಊಟವಿಕ್ಕುವ ಉದ್ದೇಶದಿಂದ, ಜನಸಂಚಾರವುಳ್ಳ ದೋಣಿಕಟ್ಟೆಯ ಬಳಿ ಒಂದು ಕಡಾಯಿಯನ್ನು ತೂಗುಹಾಕಿ ದಾರಿಹೋಕರ ಬಿಡಿಕಾಸನ್ನು ಕೂಡಿಸಿದರು. ಇಂದಿಗೂ ಆ ದೇಶದ ಅಂಗಡಿಗಳ ಮುಂದೆ ಡಿಸೆಂಬರಿನ ಚಳಿಯಲ್ಲಿ ಸ್ವಯಂಸೇವಕರು ಗಂಟೆ ಬಾರಿಸುತ್ತ ಕೆಂಪು ಕಡಾಯಿಯ ಬಳಿ ನಿಲ್ಲುವರು. ನಮ್ಮ ದೇಶದಲ್ಲಿಯೂ 1949ರಿಂದ ಡಿಸೆಂಬರ್ 7ನೆಯ ದಿನವು ಸಶಸ್ತ್ರಪಡೆಗಳ ಧ್ವಜ ದಿನವೆಂದು ಆಚರಿಸಲ್ಪಡುತ್ತ, ಸಣ್ಣ ಧ್ವಜವೊಂದನ್ನು ಎದೆಗೆ ಚುಚ್ಚಿ ಸೈನಿಕರ ಕ್ಷೇಮನಿಧಿಗೆ ಹಣವನ್ನು ಪಡೆಯುವ ಕ್ರಮವು ನಡೆದುಬಂದಿದೆ.

ಆದರೆ ಇದನ್ನು ಹೊರಗಿನಿಂದ ಕಲಿಯಬೇಕಾದ ದಾರಿದ್ರ್ಯವು ನಮಗಿಲ್ಲ. ಶ್ರೀಕಂಠೇಶ್ವರನ ದೊಡ್ಡ ಜಾತ್ರೆಯಲ್ಲಿ ಐದು ರಥಗಳ ಹಿಂದೆ ಬಿಸಿಲಲ್ಲಿ ನಡೆಯುವ ಜನಕ್ಕೆ ಪಾನಕವನ್ನೂ ನೀರುಮಜ್ಜಿಗೆಯನ್ನೂ ಕೊಡುವ ಅರವಟ್ಟಿಗೆಗಳು ಯಾವ ಸರ್ಕಾರದ ಆಜ್ಞೆಯಿಂದಲೂ ಹುಟ್ಟಿದುವಲ್ಲ. ಅಡಿಗೆಗೆ ಅಕ್ಕಿಯನ್ನು ಅಳೆಯುವಾಗ ಒಂದು ಹಿಡಿಯನ್ನು ಬೇರೆ ಗಡಿಗೆಗೆ ಹಾಕುತ್ತಿದ್ದ ಗೃಹಿಣಿಯರ ಮುಷ್ಟಿಧಾನ್ಯವೂ, ಬಡ ವಿದ್ಯಾರ್ಥಿಗೆ ವಾರಕ್ಕೊಂದು ಮನೆಯಲ್ಲಿ ಎಲೆ ಹಾಕುತ್ತಿದ್ದ ವಾರಾನ್ನವೂ ಈ ಸೀಮೆಯ ಹಿರಿಯರ ನೆನಪಿನಿಂದ ಅಳಿದಿಲ್ಲ. ಹನಿಗೂಡಿದರೆ ಹಳ್ಳ, ತೆನೆಗೂಡಿದರೆ ಬಳ್ಳ ಎಂಬ ಗಾದೆಯು ಅನುಭವದಿಂದ ಹುಟ್ಟಿದುದು.

ಇನ್ನೂ ಸಮೀಪದ ನಿದರ್ಶನವನ್ನು ಕೊಡುವೆವು. ಮಹಾತ್ಮ ಗಾಂಧಿಯವರು 1933ರ ನವೆಂಬರಿನಲ್ಲಿ ವಾರ್ಧಾದಿಂದ ಆರಂಭಿಸಿದ ಹರಿಜನ ಯಾತ್ರೆಯು 1934ರ ಜನವರಿಯಲ್ಲಿ ಮೈಸೂರು ಸಂಸ್ಥಾನವನ್ನು ಪ್ರವೇಶಿಸಿತು. ತಗಡೂರು ರಾಮಚಂದ್ರರಾಯರಂತಹ ದೇಶಸೇವಕರು ಖಾದಿಯ ಕೆಲಸವನ್ನು ಬೇರೂರಿಸಿದ್ದ ನಂಜನಗೂಡಿನ ಸೀಮೆಯೂ ಅವರ ಹಾದಿಯಲ್ಲಿತ್ತು. ಸುಮಾರು 12,500 ಮೈಲಿಗಳ ಆ ಯಾತ್ರೆಯಲ್ಲಿ ಕೂಡಿದ ಹಣವು ಸುಮಾರು 8 ಲಕ್ಷ ರೂಪಾಯಿ. ಶ್ರೀಮಂತರ ಥೈಲಿಗಳೂ ಅದರಲ್ಲಿ ಸೇರಿದ್ದುವು. ಕೂಲಿಕಾರರ ಕಾಸೂ, ಹೆಂಗಸರ ಕೈಬಳೆಯೂ ಸೇರಿದ್ದುವು. ಅಷ್ಟು ದೊಡ್ಡ ಪುರುಷರು ರೈಲಿನ ಕಿಟಕಿಯಿಂದ ಕೈ ನೀಡಿ ಕಾಸು ಬೇಡಿದರು. ಕೂಡಿದುದರ ವಿವರವನ್ನು ‘ಹರಿಜನ’ ಪತ್ರಿಕೆಯಲ್ಲಿ ಪ್ರಕಟಪಡಿಸಿದರು. ಬೇಡುವುದರಲ್ಲಿ ಲಜ್ಜೆಯಿಲ್ಲ, ಲೆಕ್ಕ ಕೊಡುವುದರಲ್ಲಿ ಸಂಕೋಚವಿಲ್ಲ: ಈ ಎರಡೂ ಕೂಡಿದಲ್ಲಿ ಮಾತ್ರ ಸಾರ್ವಜನಿಕ ನಿಧಿಯು ನಿಲ್ಲುವುದು.

ಈ ಎರಡು ಊರುಗಳಿಗೆ ಇಂತಹ ನಿಧಿಯ ಅಗತ್ಯವು ವಿಶೇಷವಾಗಿಯೇ ಇದೆ. ನದಿಯು ನಮಗೆ ಅನ್ನವನ್ನೂ ಕೊಡುತ್ತದೆ, ಆಗಾಗ ಸಂಕಟವನ್ನೂ ತರುತ್ತದೆ. 2018ರ ಆಗಸ್ಟಿನಲ್ಲಿಯೂ ಮರುವರ್ಷದ ಆಗಸ್ಟಿನಲ್ಲಿಯೂ ವಯನಾಡಿನ ಮಳೆಯಿಂದ ಕಪಿಲೆಯು ಉಕ್ಕಿ, ಮಲ್ಲನಮೂಲೆಯ ಬಳಿ ಮೈಸೂರು ನಂಜನಗೂಡು ಹೆದ್ದಾರಿಯ ಸಂಚಾರವು ನಿಂತುದನ್ನೂ, ಸ್ನಾನಘಟ್ಟದ ಹದಿನಾರು ಕಾಲು ಮಂಟಪವು ನೀರಲ್ಲಿ ಮರೆಯಾದುದನ್ನೂ, ತಗ್ಗಿನ ಬೀದಿಗಳ ಬಡವರು ಪಾತ್ರೆಪಡಗಗಳೊಡನೆ ಮನೆ ಬಿಟ್ಟುದನ್ನೂ ವಾಚಕರು ಮರೆತಿರಲಾರರು. 2024ರ ಜುಲೈಯಲ್ಲಿ ನದಿಯು ಮತ್ತೊಮ್ಮೆ ದಡ ಮೀರಿತು. ಕಪಿಲೆಯೂ ಕಾವೇರಿಯೂ ಕೂಡುವ ನರಸೀಪುರದಲ್ಲಂತೂ ಕಬಿನಿ ಹಾಗೂ ಕೃಷ್ಣರಾಜಸಾಗರಗಳೆರಡರಿಂದಲೂ ಒಮ್ಮೆಗೇ ನೀರು ಬಂದರೆ ಆಪತ್ತು ಇಮ್ಮಡಿ. 1989ರಿಂದ ಕುಂಭಮೇಳಕ್ಕೆ ನೆರೆಯಾಗಿರುವ, 2025ರ ಫೆಬ್ರವರಿಯಲ್ಲಿಯೂ ಲಕ್ಷಾಂತರ ಯಾತ್ರಿಕರು ಮಿಂದ ಆ ಪುಣ್ಯಸಂಗಮವೇ ಮಳೆಗಾಲದಲ್ಲಿ ದಡದ ಸಂಸಾರಗಳಿಗೆ ಭಯಸ್ಥಾನವಾಗುತ್ತದೆ.

ವಿಪತ್ತು ಬಂದಾಗ ನಮ್ಮ ಜನರು ಔದಾರ್ಯವನ್ನು ತೋರದೆ ಇಲ್ಲ. 2018ರಲ್ಲಿ ಕೊಡಗಿನ ಬೆಟ್ಟಗಳು ಕುಸಿದಾಗ ಮೈಸೂರು ಸೀಮೆಯಿಂದ ಅಕ್ಕಿಯೂ ಹೊದಿಕೆಯೂ ಔಷಧವೂ ಹೋದುವು. ಆದರೆ ಆವೇಗದ ದಾನದಲ್ಲಿ ಒಂದು ದೋಷವುಂಟು. ಬೇಕಾದ ವಸ್ತುವು ಬೇಕಾದ ಹೊತ್ತಿಗೆ ಬಾರದು. ಬೇಡವಾದ ಹಳೆಯ ಬಟ್ಟೆಯು ರಾಶಿಯಾಗಿ ಬೀಳುವುದು. ಮೊದಲ ರಾತ್ರಿಯೇ ಒಲೆಗೆ ಗ್ಯಾಸು, ಕೂಸಿಗೆ ಹಾಲು, ವೃದ್ಧರಿಗೆ ಮಾತ್ರೆ, ತೊಯ್ದುಹೋದ ಪಠ್ಯಪುಸ್ತಕಕ್ಕೆ ಬದಲು ಬೇರೊಂದು ಪುಸ್ತಕ, ಇವುಗಳನ್ನು ಕೊಳ್ಳಲು ಕೈಯಲ್ಲಿ ಹಣವಿರಬೇಕು. ಮಳೆಗಾಲದ ಆ ಹಣವನ್ನು ಹಬ್ಬದ ಕಾಲದಲ್ಲಿ ಕೂಡಿಡುವುದೇ ವಿವೇಕ. ಮಳೆಯು ಕರುಣೆಯಿಟ್ಟ ವರ್ಷದಲ್ಲಿ ಉಳಿದುದನ್ನು ಬಡ ಮಕ್ಕಳ ಪುಸ್ತಕಕ್ಕೂ ಪರೀಕ್ಷೆಯ ಶುಲ್ಕಕ್ಕೂ ವಿನಿಯೋಗಿಸಬಹುದು.

ಇಲ್ಲಿ ವರ್ತಕ ಮಹಾಶಯರ ನಿಟ್ಟುಸಿರು ನಮಗೆ ಕೇಳಿಸುತ್ತಿದೆ. ಗಣೇಶನಿಗೊಂದು ಚಂದಾ, ವಾರ್ಷಿಕೋತ್ಸವಕ್ಕೊಂದು ಚಂದಾ, ಆರ್ಕೆಸ್ಟ್ರಾಕ್ಕೊಂದು ಚಂದಾ. ಹತ್ತು ಮಂದಿ ಅಂಗಡಿಗೆ ನುಗ್ಗಿ, ಮೊತ್ತವನ್ನು ತಾವೇ ಬರೆದ ರಸೀದಿಯನ್ನು ಗಲ್ಲದ ಮೇಲೆ ಇಟ್ಟು ನಿಲ್ಲುವ ಈ ಕಾಟದಿಂದ ಅವರು ಬೇಸತ್ತಿದ್ದಾರೆ. ಅವರ ದೂರು ನ್ಯಾಯವಾದುದು. ಹೆದರಿಕೆಯಿಂದ ಕೊಟ್ಟುದು ದಾನವಲ್ಲ, ಕಪ್ಪ. ಆದುದರಿಂದಲೇ ನಾವು ಡಬ್ಬಿಯನ್ನು ಅಂಗಡಿಯ ಒಳಗಲ್ಲ, ಹೊರಗೆ ಇಡಬೇಕೆನ್ನುತ್ತೇವೆ. ವರ್ತಕನಿಂದ ಬೇಕಾದುದು ಬಾಗಿಲ ಬಳಿ ಎರಡು ಅಡಿ ಸ್ಥಳವೂ ಒಂದು ನಗುಮುಖವೂ ಮಾತ್ರ. ಕೊಡುವವರು ಗಿರಾಕಿಗಳು, ಕೊಡದೆ ಹೋಗುವ ಸ್ವಾತಂತ್ರ್ಯವೂ ಅವರದೇ.

ಇದೇ ಕಾರಣದಿಂದ ಅಧಿಕಾರಿವರ್ಗಕ್ಕೂ ಒಂದು ಮಾತನ್ನು ಅರಿಕೆ ಮಾಡುವೆವು. ಸರ್ಕಾರಿ ನೌಕರರು ಅನುಮತಿಯಿಲ್ಲದೆ ಚಂದಾ ಎತ್ತಬಾರದೆಂದು ನಡತೆಯ ನಿಯಮಗಳು ವಿಧಿಸಿರುವುದು ಯುಕ್ತವಾಗಿದೆ. ಅಧಿಕಾರವುಳ್ಳವನು ಚಾಚಿದ ಕೈಗೆ ಇಲ್ಲವೆನ್ನುವುದು ಯಾರಿಗೂ ಸುಲಭವಲ್ಲ. ತಹಸೀಲ್ದಾರರಾಗಲಿ ಪೊಲೀಸಿನವರಾಗಲಿ ಡಬ್ಬಿಯನ್ನು ಹಿಡಿಯುವುದು ಬೇಡ. ಡಬ್ಬಿಗಳಿಗೆ ಅಂಕಿಯಿದೆಯೆ, ಹಿಡಿದವರಿಗೆ ಗುರುತಿನ ಚೀಟಿಯಿದೆಯೆ ಎಂಬುದನ್ನು ನೋಡಿ, ಕಪಟಿಗಳನ್ನು ದೂರವಿಟ್ಟರೆ ಅದೇ ಮಹೋಪಕಾರ.

ತರುಣರು ಪಾಲಿಸಬೇಕಾದ ನಿಯಮಗಳೂ ಕೆಲವಿವೆ. ಒಂದು ಡಬ್ಬಿಗೆ ಇಬ್ಬರಿರಲಿ. ಒಬ್ಬೊಬ್ಬರ ಸರದಿ ಎರಡು ಗಂಟೆಯನ್ನು ಮೀರದಿರಲಿ. ಯಾರ ದಾರಿಗೂ ಅಡ್ಡ ನಿಲ್ಲಕೂಡದು, ಯಾರನ್ನೂ ಹಿಂಬಾಲಿಸಕೂಡದು, ಹತ್ತು ರೂಪಾಯಿ ಕೊಟ್ಟವರಿಗೂ ಐನೂರು ಕೊಟ್ಟವರಿಗೂ ಒಂದೇ ನಮಸ್ಕಾರ ಸಲ್ಲತಕ್ಕದ್ದು. ಈಗ ನಾಣ್ಯಕ್ಕಿಂತ ಮೊಬೈಲಿನ ಮೂಲಕ ಕೊಡುವವರೇ ಅಧಿಕರಾದುದರಿಂದ, ಡಬ್ಬಿಯ ಮೇಲೆ ಅಂಟಿಸುವ ಕ್ಯೂಆರ್ ಚೀಟಿಯು ನೋಂದಾಯಿತ ಸಂಘದ ಬ್ಯಾಂಕು ಖಾತೆಯದಾಗಿರಬೇಕೇ ಹೊರತು, ಎಷ್ಟೇ ಪ್ರಾಮಾಣಿಕನಾದರೂ ಒಬ್ಬ ವ್ಯಕ್ತಿಯ ಸ್ವಂತ ಖಾತೆಯದಾಗಿರಕೂಡದು. ಪ್ರತಿ ಸಂಜೆ ಆ ಚೀಟಿಯನ್ನು ಯಾರಾದರೂ ಬದಲಿಸಿದ್ದಾರೆಯೆ ಎಂದು ಪರೀಕ್ಷಿಸಬೇಕು. ಮೊಹರನ್ನು ಒಡೆಯುವುದು ಒಬ್ಬ ವರ್ತಕ, ಒಬ್ಬ ಉಪಾಧ್ಯಾಯ, ಒಬ್ಬ ನಾಗರಿಕ, ಈ ಮೂವರ ಸಮ್ಮುಖದಲ್ಲಿ. ಹಬ್ಬ ಕಳೆದ ಏಳು ದಿನಗಳೊಳಗೆ, ಯಾವ ಬೀದಿಯಲ್ಲಿ ಎಷ್ಟು ಕೂಡಿತು, ಎಲ್ಲಿ ಇಡಲ್ಪಟ್ಟಿತು ಎಂಬ ಲೆಕ್ಕವನ್ನು ಊರಿನವರೆಲ್ಲ ಓದುವ ಸ್ಥಳದಲ್ಲಿ ಅಂಟಿಸತಕ್ಕದ್ದು, ಖರ್ಚಾದಾಗಲೂ ಹಾಗೆಯೇ. ಈ ಒಂದು ಹಾಳೆಯಿಲ್ಲದೆ ಮರುವರ್ಷ ಡಬ್ಬಿಯನ್ನು ಎತ್ತುವ ಅರ್ಹತೆಯು ಯಾರಿಗೂ ಇಲ್ಲ.

ಸಂತ್ರಸ್ತರನ್ನು ನೋಡಿಕೊಳ್ಳುವುದು ಸರ್ಕಾರದ ಹೊಣೆಯಲ್ಲವೆ ಎಂದು ಕೆಲವರು ಕೇಳಬಹುದು. ಅಹುದು, ಆ ಹೊಣೆಯಿಂದ ಸರ್ಕಾರವನ್ನು ಬಿಡಿಸುವುದು ನಮ್ಮ ಇಷ್ಟವಲ್ಲ. ಪರಿಹಾರಕ್ಕೆ ಅರ್ಜಿ, ಪರಿಶೀಲನೆ, ಮಂಜೂರಾತಿ ಎಂಬ ಮೆಟ್ಟಿಲುಗಳಿವೆ. ಹಸಿವಿಗೆ ಅವು ಇಲ್ಲ. ಸರ್ಕಾರದ ಹಣವು ಬರುವವರೆಗಿನ ದಿನಗಳನ್ನು ನೆರೆಹೊರೆಯು ತುಂಬಬೇಕು. ಹಾಗೆ ತುಂಬಿದ ಊರಿಗೆ ಸರ್ಕಾರವನ್ನು ಗಟ್ಟಿಯಾಗಿ ಪ್ರಶ್ನಿಸುವ ಅಧಿಕಾರವೂ ಹೆಚ್ಚು.

ಈ ಸೇವೆಯಿಂದ ಪಡೆಯುವವರಿಗಿಂತ ನಿಲ್ಲುವವರಿಗೇ ಲಾಭ ಅಧಿಕವೆಂದು ನಮ್ಮ ನಂಬುಗೆ. ಓದಿದ ತರುಣನು ತನಗಾಗಿ ಕೆಲಸವನ್ನು ಕೇಳಲು ಬಲ್ಲ, ಅಂಕವನ್ನು ಕೇಳಲು ಬಲ್ಲ. ಪರರಿಗಾಗಿ ಕೈಯೊಡ್ಡಿ ಇಲ್ಲವೆನಿಸಿಕೊಂಡು ಮುಖವನ್ನು ಸಿಂಡರಿಸದೆ ನಿಲ್ಲುವುದನ್ನು ಯಾವ ಕಾಲೇಜೂ ಅವನಿಗೆ ಕಲಿಸಿಲ್ಲ. ಅಗ್ರಹಾರದ ಹುಡುಗನೂ ಕೇರಿಯ ಹುಡುಗನೂ ಒಂದೇ ಡಬ್ಬಿಯನ್ನು ಹಿಡಿದು ಎರಡು ಗಂಟೆ ನಿಂತರೆ ಹತ್ತು ಭಾಷಣಗಳಿಂದ ಆಗದುದು ಆದೀತು. ಕೂಡಿದ ಹಣವು ಸ್ವಲ್ಪವಾದರೂ ಚಿಂತೆಯಿಲ್ಲ. ಈ ಕೂಡುವಿಕೆಯು ಸ್ವಲ್ಪದ್ದಲ್ಲ.

ನಂಜನಗೂಡಿನ ಹಾಗೂ ನರಸೀಪುರದ ತರುಣರೇ, ಈ ದೀಪಾವಳಿಯಲ್ಲಿ ಎರಡು ಗಂಟೆಗಳನ್ನು ಊರಿಗೆ ಕೊಡಿರಿ. ವರ್ತಕರು ಬಾಗಿಲ ಬಳಿ ಎಡೆಯನ್ನು ಕೊಡಲಿ, ಗಿರಾಕಿಗಳು ಬಿಡಿಕಾಸನ್ನು ಕೊಡಲಿ, ನೀವು ಲೆಕ್ಕವನ್ನು ಕೊಡಿರಿ. ಮುಂದಿನ ಮಳೆಗಾಲದಲ್ಲಿ ಕಪಿಲೆಯು ಉಕ್ಕಿದ ರಾತ್ರಿ, ಮನೆ ಬಿಟ್ಟುಬಂದ ತಾಯಿಯೊಬ್ಬಳು ತನ್ನ ಕೂಸಿಗೆ ಬಿಸಿ ಹಾಲನ್ನು ಕುಡಿಸುವಾಗ, ಅದು ಯಾರ ಡಬ್ಬಿಯಿಂದ ಬಂದಿತೆಂದು ಆಕೆಗೆ ತಿಳಿಯಬೇಕಾದುದಿಲ್ಲ. ನಿಮಗೆ ತಿಳಿದಿದ್ದರೆ ಸಾಕು.