ವೇಷವೂ ನೀತಿಯೂ



ಈ ತಿಂಗಳ ಮಾತನ್ನು ಒಂದು ಹೂವಿನ ಚೆಂಡಿನಿಂದ ಆರಂಭಿಸುತ್ತೇನೆ. ನಮ್ಮ ಕಟಪಾಡಿಯಿಂದ ಮೂಡಲಿಗೆ ಶಿರ್ವದ ದಾರಿಯನ್ನು ಹಿಡಿದು ಹೋದರೆ ಸ್ವಲ್ಪ ಹೊತ್ತಿನಲ್ಲಿಯೇ ಶಂಕರಪುರವು ಸಿಕ್ಕುತ್ತದೆ. ಅಲ್ಲಿಯ ಮಲ್ಲಿಗೆಯ ಕೀರ್ತಿಯನ್ನು ಅರಿಯದ ಗೃಹಿಣಿಯರು ಈ ಸೀಮೆಯಲ್ಲಿ ಇರಲಾರರು. ಆ ಹೂವನ್ನು ಬೆಳೆಯುವವರಲ್ಲಿ ಅನೇಕರು ಕ್ರೈಸ್ತ ಕುಟುಂಬದವರು. ಅದು ಏರುವುದೋ ಎಲ್ಲರ ಮುಡಿಯನ್ನೂ, ದೇವಸ್ಥಾನಗಳ ಗರ್ಭಗುಡಿಯನ್ನೂ. ಬೆಳಗಾಗುತ್ತಲೇ ಮೊಗ್ಗನ್ನು ಕೊಯ್ದು, ಬಾಳೆಯ ನಾರಿನಿಂದ ಕಟ್ಟಿ, ಚೆಂಡು ಮಾಡುತ್ತಾರೆ. ಒಂದು ಚೆಂಡಿಗೆ ಸುಮಾರು 800 ಹೂವುಗಳು. ನಾಲ್ಕು ಚೆಂಡುಗಳು ಸೇರಿದರೆ ಒಂದು ಅಟ್ಟೆ.

ಒಂದು ಮುಂಜಾನೆ ನಾನು ಅಂಥ ಒಂದು ಮನೆಯ ಜಗಲಿಯಲ್ಲಿ ಕುಳಿತಿದ್ದೆನು. ಎಪ್ಪತ್ತು ದಾಟಿದ ಮುದುಕಿಯೊಬ್ಬಳು ಹೂವನ್ನು ಎಣಿಸಿ ಎಣಿಸಿ ಕಟ್ಟುತ್ತಿದ್ದಳು. ನಾನು ವಿನೋದಕ್ಕಾಗಿ, “ಬಾಯಮ್ಮ, ಕಟ್ಟಿದ ಚೆಂಡನ್ನು ಬಿಚ್ಚಿ ಎಣಿಸುವವರು ಯಾರು? ಹತ್ತು ಹೂ ಕಡಮೆಯಾದರೆ ಯಾರಿಗೆ ಗೊತ್ತಾಗುತ್ತದೆ?” ಎಂದು ಕೇಳಿದೆನು. ಆಕೆಯು ತಲೆಯನ್ನು ಎತ್ತದೆಯೇ, “ನನಗೆ ಗೊತ್ತುಂಟಲ್ಲ, ಮಾಸ್ಟ್ರೇ. ಮತ್ತೆ ಮೇಲಿನವನಿಗೂ ಗೊತ್ತುಂಟು” ಎಂದಳು. ಹಾಗೆ ಹೇಳಿ, ಎಣಿಕೆಯು ತಪ್ಪಿತೆಂದು ನನ್ನನ್ನೇ ಗದರಿಸಿ, ಮೊದಲಿನಿಂದ ಎಣಿಸತೊಡಗಿದಳು.

ಮನೆಗೆ ಬಂದು ಮತ್ತಾಯನ ಸುವಾರ್ತೆಯ ಆರನೆಯ ಅಧ್ಯಾಯವನ್ನು ತೆರೆದು ಓದಿದೆನು. ಸಂಸ್ಕೃತವನ್ನು ಕಲಿತವನಿಗೆ ಶಬ್ದಗಳ ಮೂಲವನ್ನು ಹುಡುಕುವ ಚಾಪಲ್ಯವು ವೃದ್ಧಾಪ್ಯದಲ್ಲಿಯೂ ಬಿಡುವುದಿಲ್ಲ. ಕನ್ನಡ ಸತ್ಯವೇದದಲ್ಲಿ ಕ್ರೈಸ್ತರ ಧರ್ಮಾಚರಣೆಗೆ ಹೇಳಿರುವ ಒಂದು ಮುಖ್ಯ ಶಬ್ದವು ‘ನೀತಿ’ ಎಂಬುದು. ಅದು ‘ನೀ’ ಎಂಬ ಧಾತುವಿನಿಂದ ಹುಟ್ಟಿದ್ದು. ಒಯ್ಯುವುದು, ನಡೆಸುವುದು ಎಂದು ಅದರ ಅರ್ಥ. ನಮ್ಮನ್ನು ಗುರಿಗೆ ಒಯ್ಯುವುದೇ ನೀತಿ. ಕಣ್ಣಿಗೆ ‘ನಯನ’ವೆಂದು ಹೇಳುವುದೂ ಇದೇ ಧಾತುವಿನಿಂದ; ಅದೂ ನಮ್ಮನ್ನು ದಾರಿಯಲ್ಲಿ ಒಯ್ಯುತ್ತದಷ್ಟೆ. ಅದೇ ಅಧ್ಯಾಯದಲ್ಲಿ ಯೇಸುಸ್ವಾಮಿಯು ಕಣ್ಣನ್ನು ದೇಹದ ದೀಪಕ್ಕೆ ಹೋಲಿಸಿ, ದೃಷ್ಟಿಯು ಕೆಟ್ಟರೆ ಒಳಗೆಲ್ಲ ಕತ್ತಲೆಯೇ ಎಂಬ ಅಭಿಪ್ರಾಯವನ್ನು ಹೇಳಿರುವುದನ್ನು ಕಂಡಾಗ, ಎರಡು ಭಾಷೆಗಳು ಒಂದೇ ಮಾತನ್ನು ಆಡುತ್ತಿರುವಂತೆ ನನಗೆ ತೋರಿತು. ಕಾರ್ಯವು ಎಷ್ಟು ದೊಡ್ಡದೆಂಬುದಕ್ಕಿಂತ ನೋಟವು ಯಾರ ಮೇಲಿದೆ ಎಂಬುದೇ ಅಲ್ಲಿ ಮುಖ್ಯವಾದ ಪ್ರಶ್ನೆ.

ಆ ಅಧ್ಯಾಯದಲ್ಲಿ ಮೂರು ಸತ್ಕಾರ್ಯಗಳ ಪ್ರಸ್ತಾಪವಿದೆ: ದಾನ, ಪ್ರಾರ್ಥನೆ, ಉಪವಾಸ. ಈ ಮೂರನ್ನೂ ಒಪ್ಪುವ ಮತಗಳು ಅನೇಕವಿವೆ. ಯೇಸುವು ಇವುಗಳಲ್ಲಿ ಒಂದನ್ನೂ ಬಿಡಬೇಕೆಂದು ಹೇಳಲಿಲ್ಲ. ದಾನ ಕೊಡುವಾಗ ತುತೂರಿ ಊದಿಸುವವರನ್ನೂ, ಬೀದಿಯ ಮೂಲೆಯಲ್ಲಿ ನಿಂತು ಪ್ರಾರ್ಥಿಸುವವರನ್ನೂ, ಉಪವಾಸ ಮಾಡಿದ್ದು ಎಲ್ಲರಿಗೂ ತಿಳಿಯಲೆಂದು ಮೋರೆಯನ್ನು ಬಾಡಿಸಿಕೊಂಡು ನಡೆಯುವವರನ್ನೂ ಕುರಿತು, ಅವರ ಲೆಕ್ಕವು ಆಗಲೇ ತೀರಿತು ಎಂಬರ್ಥದಲ್ಲಿ ಹೇಳಿದನು. ಇಲ್ಲಿ ಗ್ರೀಕ್ ಮೂಲದಲ್ಲಿರುವ ಕ್ರಿಯಾಪದವು ಆ ಕಾಲದ ವ್ಯಾಪಾರಿಗಳು ಹಣವು ಪೂರಾ ಸಂದಿತೆಂದು ರಸೀದಿಯಲ್ಲಿ ಬರೆಯುತ್ತಿದ್ದ ಪದವೇ ಆಗಿದೆ. ಹೊಗಳಿಕೆಯನ್ನು ಬಯಸಿದನು, ಹೊಗಳಿಕೆಯು ದೊರೆಯಿತು, ರಸೀದಿಯೂ ಆಯಿತು. ಇನ್ನು ದೇವರ ಕಡೆಯಿಂದ ಬರಬೇಕಾದ ಬಾಕಿಯೇನೂ ಉಳಿಯಲಿಲ್ಲ.

‘ಕಪಟಿ’ ಎಂದು ಕನ್ನಡದಲ್ಲಿ ಹೇಳಿರುವಲ್ಲಿ ಗ್ರೀಕ್ ಭಾಷೆಯಲ್ಲಿರುವ ಶಬ್ದಕ್ಕೆ ಮೂಲದ ಅರ್ಥವು ರಂಗದ ಮೇಲಿನ ನಟ ಎಂದು. ಯಕ್ಷಗಾನದ ನಾಡಿನವರಾದ ನಮಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಚೌಕಿಯಲ್ಲಿ ಕುಳಿತು ಬಣ್ಣ ಬಳಿದುಕೊಂಡವನು ರಾತ್ರಿಯೆಲ್ಲ ಧರ್ಮರಾಯನಾಗಿ ಧರ್ಮವನ್ನು ಬೋಧಿಸುತ್ತಾನೆ; ಬೆಳಗಾದಾಗ ಕಿರೀಟವನ್ನು ಇಳಿಸಿ, ಎಣ್ಣೆಯಿಂದ ಬಣ್ಣವನ್ನು ತೆಗೆದು, ತನ್ನ ಮನೆಗೆ ತಾನಾಗಿಯೇ ಹೋಗುತ್ತಾನೆ. ಅವನಲ್ಲಿ ದೋಷವಿಲ್ಲ, ವೇಷವು ವೇಷವೆಂದು ಅವನಿಗೂ ಗೊತ್ತು, ನಮಗೂ ಗೊತ್ತು. ವೇಷವನ್ನು ತೆಗೆಯಲು ಮರೆತು, ಅದೇ ತನ್ನ ಮೋರೆಯೆಂದು ನಂಬಿದವನಲ್ಲಿಯೇ ದೋಷವಿರುವುದು. ನಮ್ಮ ಹಿರಿಯರು ಇದಕ್ಕೆ ದಂಭವೆಂದು ಹೆಸರಿಟ್ಟರು.

ಇಲ್ಲಿ ಒಂದು ಶಂಕೆ ಹುಟ್ಟುವುದು ಸಹಜ. ಇದೇ ಬೋಧೆಯಲ್ಲಿ ಸ್ವಲ್ಪ ಮೊದಲು, ದೀಪವನ್ನು ಕೊಳಗದ ಕೆಳಗೆ ಇಡಬೇಡಿರಿ, ನಿಮ್ಮ ಸತ್ಕ್ರಿಯೆಗಳನ್ನು ಜನರು ಕಾಣಲಿ ಎಂಬ ಉಪದೇಶವೂ ಇದೆಯಲ್ಲ? ಹಾಗಾದರೆ ತೋರಿಸಬೇಕೋ, ಮರೆಮಾಡಬೇಕೋ? ವಿಚಾರ ಮಾಡಿದರೆ ವಿರೋಧವೇನೂ ಇಲ್ಲ. ಬೆಳಕನ್ನು ಕಂಡವರು ದೇವರನ್ನು ಸ್ತುತಿಸಬೇಕೆಂಬುದು ಅಲ್ಲಿಯ ಉದ್ದೇಶ. ಮಾಡಿದವನನ್ನೇ ಸ್ತುತಿಸಬೇಕೆಂಬುದು ಇಲ್ಲಿ ಖಂಡಿಸಲ್ಪಟ್ಟ ಉದ್ದೇಶ. ಮನುಷ್ಯನ ಹೇಡಿತನವು ಮರೆಮಾಡೆಂದಾಗ ತೋರಿಸಬೇಕು. ಅವನ ಡೌಲು ತೋರಿಸೆಂದಾಗ ಮರೆಮಾಡಬೇಕು.

ಈ ನೀತಿಯು ನಮ್ಮ ಜಿಲ್ಲೆಯ ಚರಿತ್ರೆಯಲ್ಲಿಯೇ ಪರೀಕ್ಷೆಗೆ ಗುರಿಯಾದುದನ್ನು ನೋಡಬಹುದು. 1834ರಲ್ಲಿ ಬಾಸೆಲ್ ಮಿಶನ್ನಿನ ಪಾದ್ರಿಗಳು ಮಂಗಳೂರಿಗೆ ಬಂದರು. ಅವರ ಬೋಧೆಯನ್ನು ಒಪ್ಪಿದವರನ್ನು ಅನೇಕ ವೇಳೆ ಮನೆಯೂ ಕುಲವೂ ಹೊರಗಿಟ್ಟವು. ಅದರೊಡನೆ ಜೀವನೋಪಾಯವೂ ತಪ್ಪಿತು. ಅಂಥವರಿಗೆ ಅನ್ನವನ್ನು ಕೊಟ್ಟರೆ, ಅನ್ನಕ್ಕಾಗಿಯೇ ಮತವನ್ನು ಬಿಟ್ಟರೆಂಬ ಅಪವಾದ. ಕೊಡದಿದ್ದರೆ ನಂಬಿದವರನ್ನು ಹಸಿವೆಗೆ ಒಪ್ಪಿಸಿದ ಪಾಪ. ಈ ಇಕ್ಕಟ್ಟಿನಲ್ಲಿ ಮಿಶನ್ನಿನವರು ದುಡಿಮೆಯ ದಾರಿಯನ್ನು ಹಿಡಿದರು: ಮುದ್ರಣಾಲಯ, ನೇಯಿಗೆ, ಕಡೆಗೆ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ. ಮುಂದೆ ನಮ್ಮ ಮಲ್ಪೆಯಲ್ಲಿಯೂ ಹೆಂಚು ಸುಟ್ಟರು. ಭಿಕ್ಷೆಗಿಂತ ಕೂಲಿಯು ಕೊಡುವವನ ಗರ್ವವನ್ನೂ, ತೆಗೆದುಕೊಳ್ಳುವವನ ದೈನ್ಯವನ್ನೂ ತಗ್ಗಿಸುತ್ತದೆ.

ಆದರೆ ಕಾರ್ಖಾನೆಗಳು ಬೆಳೆದಂತೆ, ವ್ಯಾಪಾರವು ಧರ್ಮಕ್ಕಾಗಿಯೋ, ಧರ್ಮವು ವ್ಯಾಪಾರಕ್ಕಾಗಿಯೋ ಎಂಬ ಪ್ರಶ್ನೆಯೂ ಬೆಳೆಯದೆ ಇರಲಾರದು. 1914ರಲ್ಲಿ ಮಹಾಯುದ್ಧವು ಆರಂಭವಾಯಿತು. ಜರ್ಮನ್ ಪಾದ್ರಿಗಳು ಬಂಧನಕ್ಕೆ ಒಳಗಾದರು. ಕಾರ್ಖಾನೆಗಳು ಮಿಶನ್ನಿನ ಕೈಬಿಟ್ಟು ಹೋದವು. ಸಭೆಗಳು ಮಾತ್ರ ಉಳಿದವು. ನುಸಿ ತಿನ್ನುವ ಗಂಟು ಯಾವುದು, ತಿನ್ನದ ಗಂಟು ಯಾವುದು ಎಂಬುದಕ್ಕೆ ಇದಕ್ಕಿಂತ ಬೇರೆ ವ್ಯಾಖ್ಯಾನವು ಬೇಕೇ?

1853ರಲ್ಲಿ ಈ ದೇಶಕ್ಕೆ ಬಂದ ಫರ್ಡಿನಾಂಡ್ ಕಿಟ್ಟೆಲರನ್ನು ನೋಡಿರಿ. ಬೋಧೆಗೆಂದು ಬಂದವರು ಹಳಗನ್ನಡದ ಗ್ರಂಥಗಳಲ್ಲಿ ಮುಳುಗುವುದು ಸರಿಯೇ ಎಂಬ ಆಕ್ಷೇಪವನ್ನು ಅವರು ತಮ್ಮವರಿಂದಲೇ ಕೇಳಬೇಕಾಯಿತು. ಅವರು ಆ ದುಡಿಮೆಯನ್ನು ಬಿಡಲಿಲ್ಲ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಅವರ ನಿಘಂಟಿನಲ್ಲಿ ಸುಮಾರು 70,000 ಶಬ್ದಗಳಿವೆ. ಒಂದೊಂದು ಶಬ್ದವನ್ನೂ ಎಣಿಸಿ ಕಟ್ಟಿದ ಆ ಶ್ರಮವು ನನಗೆ ಆ ಮುದುಕಿಯ ಚೆಂಡಿನಂತೆಯೇ ಕಾಣುತ್ತದೆ. 1923ರಲ್ಲಿ ಉಡುಪಿಯಲ್ಲಿ ಸ್ವಿಟ್ಜರ್ಲೆಂಡಿನ ವೈದ್ಯೆ ಈವಾ ಲೊಂಬಾರ್ಡರು ಚಿಕ್ಕದಾಗಿ ಆರಂಭಿಸಿದ ಚಿಕಿತ್ಸಾಲಯವು ಈಗ ಅವರ ಹೆಸರಿನ ದೊಡ್ಡ ಆಸ್ಪತ್ರೆಯಾಗಿದೆ. ಆದರೂ ಊರವರಿಗೆ ಅದು ‘ಮಿಶನ್ ಆಸ್ಪತ್ರೆ’ಯೇ. ಹೆಸರನ್ನು ಜನರು ಮರೆತರೂ ಮಾಡಿದ ಕಾರ್ಯಕ್ಕೆ ಕುಂದೇನೂ ಬರಲಿಲ್ಲ.

ಪರರ ಮಾತು ಸಾಕು, ನನ್ನದನ್ನು ಹೇಳುತ್ತೇನೆ. ನಿವೃತ್ತನಾಗುವುದಕ್ಕೆ ಕೆಲವು ವರ್ಷಗಳ ಮುಂಚೆ ನಾನು ಒಂದು ಶಾಲೆಗೆ ಪುಸ್ತಕದ ಕಪಾಟನ್ನು ದಾನ ಮಾಡಿದೆನು. ಅದರ ಬಾಗಿಲಿನ ಮೇಲೆ ನನ್ನ ಹೆಸರನ್ನು ಬಿಳಿಯ ಅಕ್ಷರಗಳಲ್ಲಿ ಬರೆಸಿದೆನು. ಅದೇ ತಿಂಗಳಲ್ಲಿ, ವಿಧವೆಯಾಗಿದ್ದ ನನ್ನ ಅಕ್ಕನು ಮಗನ ಕಾಲೇಜಿನ ಫೀಸಿಗಾಗಿ ಸ್ವಲ್ಪ ಹಣವನ್ನು ಕೇಳಿದ್ದಳು. “ಈಗ ಕೈಯಲ್ಲಿ ಏನೂ ಇಲ್ಲ, ಅಕ್ಕಾ” ಎಂದು ಹೇಳಿ ಕಳುಹಿಸಿದೆನು. ಅದು ಸುಳ್ಳಾಗಿರಲಿಲ್ಲ, ಕೈಯಲ್ಲಿದ್ದುದೆಲ್ಲವೂ ಕಪಾಟಿಗೆ ಹೋಗಿತ್ತು. ಆ ವರ್ಷದ ವಾರ್ಷಿಕೋತ್ಸವದಲ್ಲಿ ದಾನಿಗಳ ಹೆಸರನ್ನು ಓದುವಾಗ ನನ್ನ ಹೆಸರು ಬಿಟ್ಟುಹೋಯಿತು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅಕ್ಕನಿಗೆ ಇಲ್ಲವೆಂದ ರಾತ್ರಿ ಮಾತ್ರ ಸುಖವಾಗಿ ನಿದ್ರಿಸಿದ್ದೆನು!

ಫೀಸನ್ನು ಹೇಗೆ ಕಟ್ಟಿದಳೆಂದು ನಾನು ಕೇಳಲಿಲ್ಲ, ಅವಳು ಹೇಳಲಿಲ್ಲ. ಅವಳ ಉತ್ತರಕ್ರಿಯೆಯ ದಿನ ಸೋದರಳಿಯನು, “ಅಮ್ಮನ ಬಳೆ ಮಾರಿ ಕಟ್ಟಿದ್ದು, ಮಾವ. ನಿಮಗೆ ಹೇಳಬಾರದು, ಬೇಸರ ಮಾಡಿಕೊಳ್ಳುತ್ತೀರಿ ಎಂದಿದ್ದಳು” ಎಂದನು. ಬಲಗೈ ಮಾಡಿದ್ದು ಎಡಗೈಗೆ ತಿಳಿಯಬಾರದೆಂಬ ಉಪದೇಶವನ್ನು ನಡೆಸಿದವಳು ಅವಳು. ಅದನ್ನು ಓದಿದವನು ನಾನು. ತಂದೆತಾಯಿಗಳಿಗೆ ಸಲ್ಲಬೇಕಾದುದನ್ನು ದೇವರಿಗೆ ಮುಡಿಪಾಯಿತೆಂದು ಹೇಳಿ ತಪ್ಪಿಸಿಕೊಳ್ಳುವವರನ್ನು ಯೇಸುವು ಬಹಳ ಕಠಿನವಾಗಿ ಗದರಿಸಿರುವುದು ಮಾರ್ಕನ ಸುವಾರ್ತೆಯ ಏಳನೆಯ ಅಧ್ಯಾಯದಲ್ಲಿದೆ. ಆ ಪುಟವನ್ನು ನಾನು ಈಗಲೂ ನೆಟ್ಟಗೆ ಓದಲಾರೆನು.

ಆದುದರಿಂದಲೇ ಆ ಆರನೆಯ ಅಧ್ಯಾಯದ ಕೊನೆಯಲ್ಲಿ ‘ಮೊದಲು’ ಎಂಬ ಒಂದು ಸಣ್ಣ ಶಬ್ದವು ನಿಂತಿದೆ. ಊಟ ಬಟ್ಟೆಗಳು ಬೇಡವೆಂದು ಅಲ್ಲಿ ಹೇಳಿಲ್ಲ. ಅವು ನಮಗೆ ಬೇಕೆಂಬುದು ತಂದೆಗೆ ತಿಳಿದಿದೆ ಎಂದೇ ಹೇಳಿದೆ. ಆದರೆ ಮೊದಲು ಹುಡುಕಬೇಕಾದುದು ದೇವರ ರಾಜ್ಯ, ಅವನ ನೀತಿ. ಅಂಗಿಯ ಮೊದಲ ಗುಂಡಿಯನ್ನು ತಪ್ಪಾಗಿ ಹಾಕಿದರೆ, ಉಳಿದವುಗಳನ್ನು ಎಷ್ಟೇ ಜಾಗ್ರತೆಯಿಂದ ಹಾಕಿದರೂ ಅಂಗಿಯು ಸೊಟ್ಟಗೇ ನಿಲ್ಲುತ್ತದೆ.

ಗೃಹಸ್ಥರು ಇದನ್ನು ಆಚರಣೆಗೆ ತರಲು ಮೂರು ಸುಲಭವಾದ ನಿಯಮಗಳಿವೆ. ಹೊರಗೆ ದಾನ ಕೊಡುವುದಕ್ಕೆ ಮುಂಚೆ, ಮನೆಯೊಳಗೂ ಬಂಧುಗಳಲ್ಲಿಯೂ ನಾಚಿಕೆಯಿಂದ ಬಾಯಿ ಬಿಡದವರು ಯಾರಾದರೂ ಇದ್ದಾರೆಯೇ ಎಂದು ನೋಡತಕ್ಕದ್ದು. ತಿಂಗಳಿಗೆ ಒಂದಾದರೂ ಉಪಕಾರವನ್ನು ಹೆಂಡತಿಮಕ್ಕಳಿಗೂ ಹೇಳದೆ ಮಾಡತಕ್ಕದ್ದು. ಹೇಳಬೇಕೆಂಬ ಆಸೆಯು ಎಷ್ಟು ಬಲವಾಗಿದೆಯೆಂಬುದು ಆಗ ತಿಳಿಯುತ್ತದೆ. ಕೆಲಸದವರ ಕೂಲಿ, ಅಂಗಡಿಯ ಸಾಲ ಮೊದಲಾದ ಸಲ್ಲಿಸಬೇಕಾದ ಬಾಕಿಗಳನ್ನು ತೀರಿಸಿದ ಮೇಲೆಯೇ ಕಾಣಿಕೆಯ ಮಾತನ್ನು ಎತ್ತತಕ್ಕದ್ದು. ಇವುಗಳಲ್ಲಿ ಕ್ರೈಸ್ತರಿಗೆ ಮಾತ್ರವೇ ಸಲ್ಲುವುದು ಯಾವುದೂ ಇಲ್ಲ.

ಆ ಕಪಾಟು ಇನ್ನೂ ಆ ಶಾಲೆಯಲ್ಲಿದೆ. ಕಳೆದ ವರ್ಷ ಹೋಗಿದ್ದಾಗ ಬಾಗಿಲಿಗೆ ಹೊಸ ಬಣ್ಣವನ್ನು ಬಳಿದಿದ್ದರು. ನನ್ನ ಹೆಸರು ಅಳಿಸಿಹೋಗಿತ್ತು. ಹುಡುಗಿಯೊಬ್ಬಳು ಅದರಿಂದ ಪುಸ್ತಕವನ್ನು ತೆಗೆದುಕೊಂಡು ಓಡಿದಳು. ನನ್ನ ದಾನವು ನಿಜವಾಗಿ ದಾನವಾದದ್ದು ಅಂದೇ ಎಂದು ನಂಬಿದ್ದೇನೆ. ಅಕ್ಕನ ಬಾಕಿಯು ಮಾತ್ರ ಹಾಗೆಯೇ ಉಳಿದಿದೆ. ಅಂಥ ಬಾಕಿಯು ವಾಚಕರಲ್ಲಿ ಯಾರಿಗೂ ಉಳಿಯದಂತೆ ಪರಮಾತ್ಮನು ಸಕಾಲದಲ್ಲಿ ಬುದ್ಧಿಯನ್ನು ಕರುಣಿಸಲಿ.